ಕಸ್ದಿಯ ಸಿಳ್ಳು

ಕ್ಲಾತೆನ್ ಸೀಮೆಯಲ್ಲಿ ಶಾಮ ಎಂಬ ಹಾಡುಹಕ್ಕಿ ಸಾಕದ ಮನೆಯನ್ನು ಹುಡುಕಬೇಕು. ಆದರೆ ಜೋಡಿ ಕೂಡಿಸಿ ಮರಿ ಮಾಡಿಸಬಲ್ಲವರು ಬೆರಳೆಣಿಕೆಯಷ್ಟು. ಅವರಲ್ಲಿ ಕಸ್ದಿಯ ಕೈಗುಣವೇ ಬೇರೆ ಎನ್ನುತ್ತಿದ್ದರು ಜನ. ಕೈಗುಣವೂ ಇಲ್ಲ, ಮಣ್ಣೂ ಇಲ್ಲ; ಅವನಿಗಿದ್ದದ್ದು ತಾಳ್ಮೆ. ಗಂಡು ಹೆಣ್ಣುಗಳನ್ನು ಪಕ್ಕಪಕ್ಕದ ಪಂಜರದಲ್ಲಿಟ್ಟು, ಅವು ಸರಳಿನ ಆಚೀಚೆ ಒತ್ತಿ ಕೂತು ನಿದ್ದೆ ಮಾಡುವವರೆಗೆ ಕಾಯುತ್ತಿದ್ದ. ಅವಸರಪಟ್ಟರೆ ಗಂಡು ಹೆಣ್ಣನ್ನು ಕುಕ್ಕಿ ಕೊಂದೇಬಿಡುತ್ತದೆ. ಕಸ್ದಿ ತೀರಿಕೊಂಡ ಮೇಲೆ ಉಳಿದದ್ದು ಹೆಂಡತಿ ರುಬಿನೆಮ್, ಹಿತ್ತಿಲ ಪಂಜರಮನೆ, ಅದರೊಳಗೆ ಒಂದು ಮುದಿ ಜೋಡಿ.

ಮುದಿ ಗಂಡು ತನ್ನ ಹಾಡಿನ ನಡುವೆ ಕಸ್ದಿಯ ಸಿಳ್ಳನ್ನೂ ಸೇರಿಸಿಕೊಂಡಿತ್ತು. ಬೆಳಿಗ್ಗೆ ಅದು ಕೇಳಿದಾಗ ರುಬಿನೆಮ್‌ಗೆ ಮೊದಲು ಎದೆ ಧಸಕ್ಕೆನ್ನುತ್ತಿತ್ತು, ಆಮೇಲೆ ಹಿತವಾಗುತ್ತಿತ್ತು. ಶಾಮದ ಮರಿ ಹಾಡು ಕಲಿಯುವುದು ಅಪ್ಪನಿಂದ. ಒಂದು ಗಂಡು ಮರಿ ಬದುಕಿದರೆ ಆ ಸಿಳ್ಳೂ ಬದುಕುತ್ತದೆ. ಇಲ್ಲದಿದ್ದರೆ ಮುದಿ ಹಕ್ಕಿಯ ಜೊತೆ ಕಸ್ದಿ ಇನ್ನೊಮ್ಮೆ ಸಾಯುತ್ತಾನೆ. ಒಮ್ಮೆ ಸತ್ತದ್ದೇ ಅವಳಿಗೆ ಸಾಕಾಗಿತ್ತು.

ಮೊಟ್ಟೆಯೇನೋ ಇಟ್ಟವು. ಮರಿಯಾದ ಬೆಳಿಗ್ಗೆ ಅವಳು ಅವುಗಳಿಗೆ ತಿನ್ನಿಸಲು ಚಗಳಿ ಇರುವೆಯ ಮೊಟ್ಟೆಯ ಬಟ್ಟಲು ಹಿಡಿದು ಒಳಗೆ ಹೋದಳು. ಸಂಜೆಗೆ ಮರಿಗಳೆಲ್ಲ ಗೂಡಿನಿಂದ ಕೆಳಗೆ ಬಿದ್ದು ಸತ್ತಿದ್ದವು. ಮುಂದಿನ ಸಲವೂ ಅದೇ ಕಥೆ.

ಕಸ್ದಿಯ ಗೆಳೆಯ, ಪಕ್ಕದ ಮನೆಯ ಸರ್ಪಿನ್ ಬಂದು ನೋಡಿದ.

"ಮಿಡತೆ ಸಾಕಷ್ಟು ಹಾಕ್ತಿದ್ದೀಯಾ, ಯು?" ಎಂದ. ಅಕ್ಕನನ್ನು ಅಲ್ಲಿ ಕರೆಯುವುದೇ ಹಾಗೆ.

"ನಿನ್ನ ಹೊಟ್ಟೆಗೆ ಬೀಳೋದಕ್ಕಿಂತ ಜಾಸ್ತೀನೇ ಹಾಕ್ತಿದ್ದೀನಿ."

"ಹಾಗಾದ್ರೆ ತಪ್ಪು ನಿಂದೇ. ಮರಿ ಇರೋವಾಗ ಹೊಸಬರು ಒಳಗೆ ಹೋದ್ರೆ ಹೆತ್ತ ಹಕ್ಕಿಗಳೇ ಮರೀನ ಎತ್ತಿ ಬಿಸಾಕ್ತವೆ."

"ಇಷ್ಟು ವರ್ಷ ಇದೇ ಮನೇಲಿ ಅನ್ನ ಬೇಯಿಸಿದೀನಿ. ನಾನು ಹೊಸಬಳಾ?"

"ಅದನ್ನ ಹಕ್ಕಿಗೆ ಹೇಳು."

ಸಾವಿನ ನೂರನೇ ದಿನದ ಪ್ರಾರ್ಥನೆ, ಊಟ ಮುಗಿದ ಮೇಲೆ ಸತ್ತವರ ಬಟ್ಟೆಯನ್ನೆಲ್ಲ ಹಂಚಿಬಿಡಬೇಕು. ರುಬಿನೆಮ್ ಹಂಚಿದ್ದಳು, ಒಂದು ಚೌಕುಳಿ ಅಂಗಿ, ಒಂದು ಟೋಪಿಯನ್ನು ಬಿಟ್ಟು. ಹಕ್ಕಿ ಮತ್ತೆ ಮೊಟ್ಟೆಯಿಟ್ಟಾಗ ಆ ಅಂಗಿ ತೊಟ್ಟಳು. ತಲೆಗೆ ಅವನ ಟೋಪಿ ಇಟ್ಟು, ಅವನು ಸೇದುತ್ತಿದ್ದ ಲವಂಗದ ಸಿಗರೇಟು ಹಚ್ಚಿಕೊಂಡು ಒಳಗೆ ಹೋದಳು. ಹೆಣ್ಣು ಹಕ್ಕಿ ರೆಕ್ಕೆ ಬಡಿಯಲಿಲ್ಲ. ಅವಳ ಬೆರಳಿಂದಲೇ ಮಿಡತೆ ಕಿತ್ತುಕೊಂಡಿತು. ದಿನ ಕಳೆದಂತೆ ರುಬಿನೆಮ್ ಎಡಗಾಲನ್ನು ಕೊಂಚ ಎಳೆದು ನಡೆಯತೊಡಗಿದಳು. ಅದು ಕಸ್ದಿಯ ನಡಿಗೆ. ಅವಳೇನೂ ಬೇಕೆಂದು ಕಲಿತದ್ದಲ್ಲ.

ಬೇಲಿಯಾಚೆಯಿಂದ ಅದನ್ನು ಕಂಡ ಸರ್ಪಿನ್‌ನ ಮುಖ ಬಿಳಿಚಿಕೊಂಡಿತು.

"ಬಿಚ್ಚು ಅದನ್ನ, ಯು. ಸತ್ತವರ ಬಟ್ಟೆ ತೊಟ್ರೆ ಅವರಿಗೆ ದಾರಿ ತಪ್ಪುತ್ತೆ. ಮನೆ ಕಡೆಗೇ ತಿರುಗಿ ಬರ್ತಾರೆ."

"ಬರ್ಲಿ ಬಿಡು. ಈ ಮುರಿದ ಬೇಲಿ ಕಟ್ತೀನಿ ಅಂತ ಹೇಳಿ ಹಾಗೇ ಹೋದ."

ಆ ಸಲ ಮರಿಗಳು ಉಳಿದವು. ಅವುಗಳಲ್ಲಿ ಒಂದು ಗಂಡು. ಅದು ಅಪ್ಪನ ಹಾಡನ್ನು ಗೊಣಗಿ ಗೊಣಗಿ ಕಲಿಯುವಷ್ಟರಲ್ಲಿ ಮುದಿ ಜೋಡಿ ಒಂದರ ಹಿಂದೆ ಒಂದು ಸತ್ತವು. ಹೆಣ್ಣು ಮರಿಗಳನ್ನು ಆಗಲೇ ಮಾರಿದ್ದಳು; ಪಂಜರಮನೆ ಖಾಲಿಯಾಯಿತು. ಮರಿಯ ಪಂಜರವನ್ನು ರುಬಿನೆಮ್ ಮುಂದಿನ ಜಗಲಿಗೆ ತೂಗುಹಾಕಿದಳು.

ಒಂದು ಮಧ್ಯಾಹ್ನ ಸರ್ಪಿನ್ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾಗ ಮರಿ ಸಿಳ್ಳು ಹಾಕಿತು. ಥೇಟ್ ಕಸ್ದಿಯೇ. ರುಬಿನೆಮ್ ಕಣ್ಣು ತುಂಬಿಕೊಂಡು ನಕ್ಕಳು. ಮುದಿ ಹಕ್ಕಿ ನಿಲ್ಲಿಸುತ್ತಿದ್ದ ಜಾಗ ಬಂತು. ಮರಿ ನಿಲ್ಲಿಸಲಿಲ್ಲ. ಸಿಳ್ಳು ಇನ್ನೊಂದು ಸುತ್ತು ಏರಿ, ಮೆಲ್ಲಗೆ ಇಳಿಯಿತು.

ಅವಳ ನಗು ನಿಂತಿತು. ಆ ಕೊನೆಯ ಏರಿಳಿತದಿಂದಲೇ ಕಸ್ದಿ ಮದುವೆಗೆ ಮುಂಚೆ ಕಬ್ಬಿನ ಗದ್ದೆಯ ಮರೆಯಿಂದ ಅವಳನ್ನು ಕರೆಯುತ್ತಿದ್ದದ್ದು. ಮದುವೆಯಾದ ಮೇಲೆ ಒಂದು ದಿನವೂ ಹಾಕಿದವನಲ್ಲ. ಹಾಗೆ ಕರೆಯುತ್ತಿದ್ದ ಕಾಲಕ್ಕೆ ಅವನ ಮನೆಯಲ್ಲಿ ಹಕ್ಕಿಯೇ ಇರಲಿಲ್ಲ. ಅವಳಿಗೋ ಸಿಳ್ಳು ಹಾಕಲು ಬರುವುದೇ ಇಲ್ಲ.

"ಇದಕ್ಕೆ ಯಾರು ಕಲಿಸಿದ್ರು?" ಎಂದ ಸರ್ಪಿನ್.

ಸಿಳ್ಳು ಮತ್ತೆ ಕೇಳಿತು. ಈ ಸಲ ಮರಿಯ ಕೊಕ್ಕು ಮುಚ್ಚಿತ್ತು. ಅದು ಕತ್ತು ಓರೆ ಮಾಡಿ, ಪಾಠ ಕೇಳುವಂತೆ ಹಿತ್ತಿಲ ಕಡೆಗೆ ಕಿವಿಗೊಟ್ಟು ಕೂತಿತ್ತು.

ರುಬಿನೆಮ್ ಎದ್ದಳು. ಸರ್ಪಿನ್ ಅವಳ ಕೈ ಹಿಡಿದ. "ಹೋಗ್ಬೇಡ, ಯು."

"ಅವನು ಹಾಗೆ ಕರೆದಾಗ ನಾನು ಯಾವತ್ತೂ ಹೋಗ್ದೆ ಇದ್ದೋಳಲ್ಲ," ಎಂದು ಅವಳು ಕೈ ಬಿಡಿಸಿಕೊಂಡಳು.