ಅರವತ್ತೆರಡು ಸಲ ತಪ್ಪು ಹೇಳಿದ ಮೂಗು

ಕಾರ್ಖಾನೆಯಲ್ಲಿ ಅವರನ್ನು ಎಲ್ಲರೂ ಮೂಗುರಾಯರು ಎಂದೇ ಕರೆಯುತ್ತಿದ್ದರು. ಎದುರಿಗೆ ಗೌರವದಿಂದ, ಬೆನ್ನ ಹಿಂದೆ ಇನ್ನಷ್ಟು ಗೌರವದಿಂದ, ಅಂದರೆ ಕಿಸಕ್ಕೆಂದು ನಗುತ್ತಾ. ಸೆಂಟು ತಯಾರಿಸುವ ಆ ಕಾರ್ಖಾನೆಯ ಎರಡನೆಯ ಮಹಡಿಯಲ್ಲಿ, ಕಿಟಕಿಯೇ ತೆರೆಯದ ಪರೀಕ್ಷಾ ಕೋಣೆಯಲ್ಲಿ, ಇಪ್ಪತ್ತೊಂಬತ್ತು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಮೂಸುವುದು ಅವರ ಉದ್ಯೋಗ. ಬೇರೆಯವರು ಕಂಡಕಂಡಲ್ಲಿ ಮೂಗು ತೂರಿಸಿ ಬೈಸಿಕೊಂಡರೆ ಇವರಿಗೆ ಅದಕ್ಕೇ ತಿಂಗಳು ತಿಂಗಳು ಸಂಬಳ. ಹಸಿ ಈರುಳ್ಳಿ ಮುಟ್ಟುವಂತಿಲ್ಲ, ಸಿಗರೇಟು ಸೇದುವವರ ಪಕ್ಕ ಕೂರುವಂತಿಲ್ಲ, ಅವರಿಗೊಂದು ನೆಗಡಿ ಬಂದರೆ ಮನೆಮಂದಿಯೆಲ್ಲ ಅಪರಾಧಿಗಳ ಹಾಗೆ ಓಡಾಡಬೇಕು. ಬಸ್ಸಿನಲ್ಲಿ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಕೂರುತ್ತಿದ್ದ ಅವರನ್ನು ಕಂಡು, ಏನೋ ಅಂಟುರೋಗವಿರಬೇಕೆಂದು ಕಂಡಕ್ಟರ್ ದೂರ ನಿಂತೇ ಟಿಕೆಟ್ ಚಾಚುತ್ತಿದ್ದ.

ಕಾರ್ಖಾನೆಗೆ ಅನ್ನ ಹಾಕುತ್ತಿದ್ದದ್ದು ಒಂದೇ ಒಂದು ಸೆಂಟು. ಡಬ್ಬಿಯ ಮೇಲೆ ಅದಕ್ಕೆ ಉಸಿರುಗಟ್ಟುವಷ್ಟು ಉದ್ದದ ಹೆಸರಿತ್ತು; ಜನ ಮಾತ್ರ ನೀಲಿ ಬಾಟ್ಲಿ ಎಂದು ಕರೆದು ಕೆಲಸ ಮುಗಿಸಿದ್ದರು. ಮದುವೆಯಾದ ಹೊಸದರಲ್ಲಿ ರಾಯರೂ ಹೆಂಡತಿಗೆ ಅದನ್ನೇ ತಂದುಕೊಟ್ಟಿದ್ದರು. ಆಕೆ ಅಂದಿನಿಂದ ಬೇರೆ ಯಾವುದನ್ನೂ ಹಚ್ಚಿದವರಲ್ಲ.

ಅಂಥ ಸೆಂಟನ್ನು ಕಾರ್ಖಾನೆಯವರು ಐದು ಸಲ ತಿದ್ದಿದರು. ಮೊದಲ ಸಲ ಮರದ ತೊಗಟೆಯ ಮೇಲೆ ಬೆಳೆಯುವ ಪಾಚಿಯ ಸಾರವನ್ನು ತೆಗೆದರು. ಅದರಿಂದ ಕೆಲವರಿಗೆ ತುರಿಕೆ ಬರುತ್ತದೆಂದು ಹೊಸ ನಿಯಮ ಬಂದಿತ್ತು, ಅದು ನ್ಯಾಯವೇ. ಎರಡನೆಯ ಸಲ ಗುಲಾಬಿ ಎಣ್ಣೆ ದುಬಾರಿಯಾಯಿತೆಂದು ಗುಲಾಬಿಯನ್ನು ಕಂಡೇ ಇರದ ಒಂದು ದ್ರಾವಣ ಸುರಿದರು. ಮೂರನೆಯ ಸಲ, ವಾಸನೆಯನ್ನು ಮೈಮೇಲೆ ಹಿಡಿದು ನಿಲ್ಲಿಸುವ ರಾಳ ಹೋಯಿತು. ನಾಲ್ಕನೆಯದು, ಕಾಲೇಜು ಹುಡುಗಿಯರು ಇದನ್ನು ಅಜ್ಜಿ ವಾಸನೆ ಎಂದರಂತೆ, ಅದಕ್ಕೆ. ಐದನೆಯದಕ್ಕೆ ಕಾರಣವೇ ಇಲ್ಲ. ಹೊಸ ನಿರ್ದೇಶಕರು ಬಂದಿದ್ದರು, ಬಂದ ಮೇಲೆ ಏನಾದರೂ ಮಾಡಬೇಕಲ್ಲ. ಪ್ರತಿಸಲವೂ ಜಾಹೀರಾತು ಮಾತ್ರ ಒಂದೇ: ಅದೇ ಪರಿಮಳ, ಹೊಸ ಉಲ್ಲಾಸ. ಹೀಗೆ ಗಿರಾಕಿಗಳ ಮೂಗಿಗೆ ತುಪ್ಪ ಸವರುವ ಮೊದಲು ಒಂದು ಪರೀಕ್ಷೆ ನಡೆಯಬೇಕಿತ್ತು. ಅದು ರಾಯರ ಕೋಣೆಯಲ್ಲಿ ನಡೆಯುತ್ತಿತ್ತು.

ಪರೀಕ್ಷೆ ಸರಳ. ಮೂರು ಕಾಗದದ ಪಟ್ಟಿ. ಎರಡರ ತುದಿಗೆ ಒಂದೇ ಸೆಂಟು, ಒಂದಕ್ಕೆ ಬೇರೆ. ಬೇರೆಯದು ಯಾವುದೆಂದು ನಾಲ್ಕು ಜನ ಮೂಸಿ ನಂಬರ್ ಬರೆಯಬೇಕು. ಮೂವರಾದರೂ ಸರಿ ಹೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ ಎಂದರ್ಥ, ಇಲ್ಲದಿದ್ದರೆ ಮಾಲು ಪಾಸು. ಹೋಲಿಸುವುದು ಹಿಂದಿನ ಸಲ ಪಾಸಾದ ಮಾದರಿಯ ಜೊತೆ ಮಾತ್ರ, ಮೂಲದ ಜೊತೆ ಅಲ್ಲವೇ ಅಲ್ಲ. ಹೊಸದು ಪಾಸಾದ ದಿನವೇ ಹಳೆಯ ಮಾದರಿಯನ್ನು ಫ್ರಿಜ್ಜಿನಿಂದ ತೆಗೆದು ಸಿಂಕಿಗೆ ಚೆಲ್ಲುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ಶಿಸ್ತು.

ನಾಲ್ವರಲ್ಲಿ ಮೂವರದು ಅಂದಾಜಿನ ಮೂಗು. ರಾಯರದು ಮಾತ್ರ ನಿಜವಾದ ಮೂಗು, ಅದರಲ್ಲಿ ಎರಡು ಮಾತಿಲ್ಲ. ಪಾಚಿ ತೆಗೆದ ಮೊದಲ ಸಲ ಪಟ್ಟಿ ಮೂಗಿನ ಹತ್ತಿರ ಬರುವ ಮುಂಚೆಯೇ ಅವರಿಗೆ ಗೊತ್ತಾಯಿತು: ಎರಡನೆಯದು. ಅಷ್ಟರಲ್ಲಿ ಆಗಿನ ಮ್ಯಾನೇಜರ್ ಹಿಂದೆ ಬಂದು ನಿಂತರು.

"ಟ್ಯಾಂಕ್ ತುಂಬ ಹೊಸ ಮಾಲು ರೆಡಿಯಾಗಿದೆ ರಾಯರೇ. ಯಾರಿಗೂ ಗೊತ್ತಾಗ್ಬಾರ್ದಪ್ಪ, ಗೊತ್ತಾದ್ರೆ ನಾನೂ ಮನೆಗೆ, ನೀವೂ ಮನೆಗೆ."

ರಾಯರು ಮೂರು ಎಂದು ಬರೆದರು. ಮುಂದಿನ ತಿಂಗಳು ಅವರ ಹುದ್ದೆಯ ಹೆಸರಿಗೆ 'ಹಿರಿಯ' ಎಂಬ ಪದ ಸೇರಿಕೊಂಡಿತು. ಒಂದು ಸಲ ಬಗ್ಗಿದ ಬೆನ್ನಿಗೆ ಎರಡನೆಯ ಸಲ ಹೇಳಿಕೊಡಬೇಕಾಗಲಿಲ್ಲ. ಒಂದೊಂದಕ್ಕೂ ಹನ್ನೆರಡು ಹದಿಮೂರು ಸುತ್ತು ನಡೆದು ಐದು ತಿದ್ದುಪಡಿಗಳಿಗೂ ಸೇರಿ ಅರವತ್ತೆರಡು ಪರೀಕ್ಷೆಗಳಾದವು, ಅರವತ್ತೆರಡರಲ್ಲೂ ಅವರು ಸರಿಯಾದದ್ದನ್ನು ಹುಡುಕಿ, ಖಾತ್ರಿ ಮಾಡಿಕೊಂಡು, ಅದರ ಪಕ್ಕದ ನಂಬರ್ ಬರೆದರು.

ಕಾರ್ಖಾನೆಯ ಕಥೆ ಕಾರ್ಖಾನೆಯಲ್ಲೇ ಮುಗಿದಿದ್ದರೆ ನಮಗೇನು? ಆದರೆ ಮನೆಯಲ್ಲೂ ಒಂದು ಮೂಗಿತ್ತು. ಸಂಬಳವಿಲ್ಲದ ಮೂಗು. ಹೊಸ ಬಾಟಲಿ ತೆರೆದ ದಿನ ಹೆಂಡತಿ ಮಣಿಕಟ್ಟನ್ನು ಮೂಸಿ ಹುಬ್ಬು ಗಂಟಿಕ್ಕಿದರು.

"ರೀ, ಇದು ಅದಲ್ಲ. ಅದ್ರಲ್ಲಿ ಅಡಿಯಲ್ಲೆಲ್ಲೋ ಒದ್ದೆ ಮರದ ವಾಸನೆ ಇರ್ತಿತ್ತು. ಇದ್ರಲ್ಲಿಲ್ಲ."

ಪ್ರಯೋಗಶಾಲೆಯ ಗುಟ್ಟನ್ನು ಅಡುಗೆಮನೆಯಲ್ಲಿ ನಿಂತು ಹೇಳಿದ ಹೆಂಗಸನ್ನು ನೋಡಿ ಯಾವ ಗಂಡನಾದರೂ ಮೂಗಿನ ಮೇಲೆ ಬೆರಳಿಡಬೇಕಿತ್ತು. ರಾಯರು ಮೂಗು ಮುರಿದರು. "ಏನೂ ಬದಲಾಗಿಲ್ಲ ಕಣೇ. ನಿನ್ನ ಮೂಗು ಮಂದವಾಗಿದೆ."

ಎರಡನೆಯ ಸಲ ಆಕೆ "ಗುಲಾಬಿ ಹೋಗಿ ಸೋಪು ಬಂದಿದೆ" ಎಂದರು. ಮೂರನೆಯ ಸಲ, "ಹಚ್ಚಿ ಅರ್ಧ ಗಂಟೆಗೆ ಮಾಯ ಆಗತ್ತಲ್ರೀ." ಪ್ರತಿಸಲವೂ ತೆಗೆದದ್ದೇನೋ ಅದನ್ನೇ ಕರಾರುವಾಕ್ಕಾಗಿ ಹೇಳಿದರು, ಪ್ರತಿಸಲವೂ ಅದೇ ಉತ್ತರ ಕೇಳಿಸಿಕೊಂಡರು. ಸರ್ಟಿಫಿಕೇಟು ಪಡೆದ ಮೂಗಿನ ಮುಂದೆ ಸಂಸಾರದ ಮೂಗು ಎಷ್ಟು ದಿನ ವಾದ ಮಾಡೀತು? ಡಾಕ್ಟರ ಹತ್ತಿರ ಹೋದರು, ಹಬೆ ತೆಗೆದುಕೊಂಡರು, ಬೆಳಗ್ಗೆ ಸಂಜೆ ಮೂಗಿಗೆ ಹನಿ ಬಿಟ್ಟುಕೊಂಡರು. ಡಾಕ್ಟರು ಏನೂ ದೋಷವಿಲ್ಲವೆಂದಾಗ ಡಾಕ್ಟರನ್ನೇ ಬದಲಾಯಿಸಿದರು.

ಆಕೆ ಆಗ ಬೀದಿಯ ತಿರುವಿನ ಬೇಕರಿಯಲ್ಲಿ ಕೆಲಸಕ್ಕಿದ್ದರು. ಹಿಟ್ಟು ನಾದುವುದು, ಬೆಣ್ಣೆ ನೋಡಿ ಅಳೆದುಹಾಕುವುದು ಅವರ ಜವಾಬ್ದಾರಿ. ಆ ಕೆಲಸವೆಂದರೆ ಅವರಿಗೆ ಪ್ರಾಣ. ಒಂದು ದಿನ ಹೊಸ ಡಬ್ಬದ ಬೆಣ್ಣೆ ಮುಗ್ಗಿದೆ ಎಂದು ಅವರಿಗನ್ನಿಸಿತು. ಯಜಮಾನ ಚೆನ್ನಾಗಿದೆ ಎಂದ. ಯಾವುದಕ್ಕೂ ಇರಲಿ ಎಂದು ಒಂದು ಚೂರು ಕಾಗದದಲ್ಲಿ ಸುತ್ತಿ ಗಂಡನ ಹತ್ತಿರ ತಂದರು. ರಾಯರು ಮೂಸಿದರು. ಬೆಣ್ಣೆ ಕೆಟ್ಟು ಕೂತಿತ್ತು. ಆದರೆ ಬೆಣ್ಣೆ ಕೆಟ್ಟಿದೆ ಎಂದರೆ ಹೆಂಡತಿಯ ಮೂಗು ಸರಿ ಎಂದಾಯಿತು. ಮೂಗು ಸರಿ ಎಂದಾದರೆ ನೀಲಿ ಬಾಟ್ಲಿಯ ಕಥೆ ಬಿಚ್ಚಿಕೊಳ್ಳುತ್ತದೆ. ಹಿರಿಯ ಪರೀಕ್ಷಕರು ಇಷ್ಟೆಲ್ಲ ಲೆಕ್ಕ ಹಾಕಲು ಎರಡು ಉಸಿರಿನಷ್ಟು ಹೊತ್ತು ತೆಗೆದುಕೊಂಡರು.

"ಚೆನ್ನಾಗೇ ಇದೆಯಲ್ಲ!"

ಮರುದಿನ ಆಕೆ ಯಜಮಾನನ ಕ್ಷಮೆ ಕೇಳಿದರು. ತಿಂಗಳಾದ ಮೇಲೆ ತಾವಾಗಿಯೇ ಕೆಲಸ ಬಿಟ್ಟರು. ಮೂಗಿಲ್ಲದವಳು ನಾಲ್ಕು ಜನ ತಿನ್ನುವುದನ್ನು ಮುಟ್ಟಬಾರದು ಎಂದು ಹೇಳಿ ಏಪ್ರನ್ ಒಗೆದು, ಇಸ್ತ್ರಿ ಮಾಡಿ, ವಾಪಸು ಕೊಟ್ಟು ಬಂದರು. ಅಲ್ಲಿಂದ ಮುಂದೆ ಹಾಲು ಒಡೆದಿದೆಯಾ, ಅನ್ನ ಹಳಸಿದೆಯಾ, ಗ್ಯಾಸ್ ವಾಸನೆ ಬರ್ತಿದೆಯಾ, ಎಲ್ಲದಕ್ಕೂ "ರೀ, ಸ್ವಲ್ಪ ನೋಡಿ." ಹನ್ನೊಂದು ವರ್ಷದಿಂದ ರಾಯರು ನೋಡುತ್ತಿದ್ದರು. ಹೀಗೆ ಕೇಳಿಸಿಕೊಳ್ಳುವುದು ಅವರಿಗೆ ಸ್ವಲ್ಪ ಹಿತವಾಗಿಯೂ ಇತ್ತು, ಸುಳ್ಳೇಕೆ?

ಹೀಗಿರುವಾಗ ಪರೀಕ್ಷಾ ಕೋಣೆಗೆ ಹೊಸ ಮೇಲಧಿಕಾರಿಯಾಗಿ ಒಬ್ಬ ಕೆಮಿಸ್ಟ್ ಬಂದಳು. ರಾಯರ ಮಗಳಿದ್ದಿದ್ದರೆ ಅಷ್ಟೇ ವಯಸ್ಸು. ಬಂದವಳು ಚಹಾ ಕುಡಿದು ಸುಮ್ಮನಿರಬಾರದೇ? ಹಳೆಯ ಪರೀಕ್ಷೆಯ ಹಾಳೆಗಳನ್ನೆಲ್ಲ ಬೀರುವಿನಿಂದ ಇಳಿಸಿ ಓದಿದಳು. ಒಂದು ಮಧ್ಯಾಹ್ನ ಅವರನ್ನು ಕೂರಿಸಿಕೊಂಡು ಬಾಗಿಲು ಹಾಕಿದಳು.

"ಸಾರ್, ಬೇರೆ ಎಲ್ಲ ಪರೀಕ್ಷೆಯಲ್ಲೂ ನೀವು ತಪ್ಪಿದ್ದೇ ಅಪರೂಪ. ನೀಲಿ ಬಾಟ್ಲಿದು ಮಾತ್ರ ಅರವತ್ತೆರಡಕ್ಕೆ ಅರವತ್ತೆರಡೂ ತಪ್ಪು."

"ಕಷ್ಟದ ಸೆಂಟು ಮೇಡಂ ಅದು."

"ಕಣ್ಣು ಮುಚ್ಕೊಂಡು ಬರೆದ್ರೂ ಮೂರಕ್ಕೆ ಒಂದು ಸರಿ ಆಗತ್ತೆ. ಇಪ್ಪತ್ತು ಸಲನಾದ್ರೂ ಆಗ್ಬೇಕಿತ್ತು. ಒಂದೂ ಬಿಡದೆ ತಪ್ಪು ಬರೀಬೇಕಾದ್ರೆ ಸರಿ ಯಾವುದು ಅಂತ ಗೊತ್ತಿರ್ಲೇಬೇಕು ಸಾರ್."

ಇಪ್ಪತ್ತೊಂಬತ್ತು ವರ್ಷದಲ್ಲಿ ಹತ್ತಿಪ್ಪತ್ತು ಸಲ ಸರಿ ಉತ್ತರ ಬರೆದು ಮರ್ಯಾದೆ ಉಳಿಸಿಕೊಳ್ಳಬೇಕೆಂಬ ಸಣ್ಣ ಬುದ್ಧಿಯೂ ರಾಯರಿಗೆ ಹೊಳೆದಿರಲಿಲ್ಲ. ಸುಳ್ಳಿನಲ್ಲೂ ಅಷ್ಟೊಂದು ನಿಯತ್ತು.

ಅವಳೇನೂ ಕತ್ತು ಹಿಡಿದು ನೂಕಲಿಲ್ಲ. ಅವಳಿಗೆ ಬೇರೆ ಕಷ್ಟವಿತ್ತು. ಸೆಂಟು ಹುಟ್ಟಿ ಐವತ್ತು ವರ್ಷವಾಯಿತೆಂದು ನಿರ್ದೇಶಕರಿಗೆ ಈಗ ಮೂಲ ನೀಲಿ ಬಾಟ್ಲಿ ಬೇಕಾಗಿತ್ತು. ಹಳೆಯ ಬಾಟಲಿಗಳನ್ನು ಬಾಯಿಗೆ ಬಂದ ಬೆಲೆಗೆ ಕೊಂಡು, ಮುಚ್ಚಳ ತೆರೆದು, 'ಆಹಾ, ಆ ಕಾಲ!' ಎಂದು ಕಣ್ಣೀರಿಡುವ ಹವ್ಯಾಸಿಗಳ ಒಂದು ದಂಡೇ ಹುಟ್ಟಿಕೊಂಡಿತ್ತು. ಅವಳೂ ಅಂಥದ್ದೊಂದನ್ನು ತರಿಸಿದ್ದಳು. ಯಾರದೋ ಬಿಸಿಲು ಬೀಳುವ ಕಿಟಕಿಯಲ್ಲಿ ನಲವತ್ತು ವರ್ಷ ಕೂತಿದ್ದ ಬಾಟಲಿ. ಮುಚ್ಚಳ ತೆಗೆದರೆ ಮೊದಲು ಹೊಡೆಯುವುದು ಉಗುರುಬಣ್ಣದ ಘಾಟು. ಮೇಲಿನ ವಾಸನೆಗಳೆಲ್ಲ ಸತ್ತು, ತಳದ್ದೊಂದೇ ಹೇಗೋ ಉಳಿದಿತ್ತು. ಹವ್ಯಾಸಿಗಳು ಅಳುತ್ತಿದ್ದದ್ದು ಈ ಘಾಟಿಗೆ.

"ಹಳೇ ಪದಾರ್ಥಗಳು ಸಿಗಲ್ಲ, ಬೇರೆಯವುಗಳಿಂದ ಕಟ್ಬೇಕು. ಮೂರು ಮಾದರಿ ಮಾಡಿದ್ದೀನಿ. ಯಾವುದು ಹತ್ತಿರ ಇದೆ, ಏನು ಕಮ್ಮಿ ಇದೆ, ಹೇಳ್ಬೇಕಾದ್ರೆ ಮೂಲ ನೆನಪಿರೋ ಮೂಗು ಬೇಕು. ನಿಮ್ಮನ್ನ ಬಿಟ್ರೆ ಯಾರಿದ್ದಾರೆ ಸಾರ್?"

ರಾಯರ ಎದೆ ಉಬ್ಬಿತು, ಆದರೆ ಬಹಳ ಹೊತ್ತಲ್ಲ. ಮೂರು ಪಟ್ಟಿಗಳನ್ನೂ ಮೂಸಿ ಕಣ್ಣು ಮುಚ್ಚಿದರು. ಏನೂ ಬರಲಿಲ್ಲ. ಐದನೆಯದು ನೆನಪಾಯಿತು, ತಡಕಾಡಿದರೆ ನಾಲ್ಕನೆಯದು. ಅದರಾಚೆ ಎಲ್ಲ ಕಲಸಿಹೋಗಿತ್ತು. ಪ್ರತಿಸಲವೂ ಹೊಸದನ್ನು ಹಿಂದಿನದರ ಪಕ್ಕದಲ್ಲಷ್ಟೇ ಇಟ್ಟು ಮೂಸಿದ ಮೂಗು ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಹೊರಟ ಜಾಗವನ್ನೇ ಮರೆತಿತ್ತು. ಅವರಿಗೆ ಭಯವಾಯಿತು. ತಮ್ಮಲ್ಲಿದ್ದ ಒಂದೇ ಒಂದು ಆಸ್ತಿಯನ್ನು ತಾವೇ ಸಿಂಕಿಗೆ ಚೆಲ್ಲಿಕೊಂಡಿದ್ದರು.

"ನೆನಪಿಲ್ಲ ಮೇಡಂ," ಎಂದರು. ನೀಲಿ ಬಾಟ್ಲಿಯ ಬಗ್ಗೆ ಆ ಕೋಣೆಯಲ್ಲಿ ಅವರಾಡಿದ ಮೊದಲ ನಿಜ ಅದೇ ಇರಬೇಕು.

"ಹಾಗಾದ್ರೆ ಐದನೇದಕ್ಕೇ 'ಮೂಲ ಪರಿಮಳ' ಅಂತ ಚೀಟಿ ಅಂಟಿಸ್ತಾರೆ, ಅಷ್ಟೇ. ಆಗಿನಿಂದ ಹಚ್ತಿರೋರು, ಬದಲಾಗಿದೆ ಅಂತ ಹೇಳಿದೋರು ಯಾರೂ ಗೊತ್ತಿಲ್ವಾ ನಿಮಗೆ?"

ಗೊತ್ತಿಲ್ಲದೆ ಏನು! ಒದ್ದೆ ಮರ, ಸೋಪು, ಅರ್ಧ ಗಂಟೆಗೆ ಮಾಯ, ಎಲ್ಲವೂ ಅವರ ಕಿವಿಯಲ್ಲಿ ಕುಟ್ಟತೊಡಗಿತು. ಮೂರು ಸೀಸೆಗಳನ್ನೂ ಪಟ್ಟಿಗಳನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದರು.

ಮೊದಲು ಕಳ್ಳದಾರಿ ಹುಡುಕಿದರು, ಅಭ್ಯಾಸ. ಪಟ್ಟಿಗಳನ್ನು ಊಟದ ಮೇಜಿನ ಮೇಲೆ ಸಾಲಾಗಿಟ್ಟು, "ಸುಮ್ನೆ ಮೂಸಿ ನೋಡೇ, ಯಾವುದು ಚೆನ್ನಾಗಿದೆ?" ಎಂದರು.

ಹೆಂಡತಿ ತರಕಾರಿ ಹೆಚ್ಚುತ್ತಾ ತಲೆಯನ್ನೂ ಎತ್ತಲಿಲ್ಲ. "ನನ್ನನ್ಯಾಕ್ರೀ ಕೇಳ್ತೀರಾ? ನನಗೆಲ್ಲಿ ಗೊತ್ತಾಗತ್ತೆ."

ದೂರಿರಲಿಲ್ಲ ಆ ಮಾತಿನಲ್ಲಿ, ಸಿಟ್ಟೂ ಇರಲಿಲ್ಲ. ತನಗೆ ಓದು ಬರದು ಎನ್ನುವವರ ಹಾಗೆ ಹೇಳಿದರು. ರಾಯರಿಗೆ ನಾಚಿಕೆಯಾಯಿತು. ಮೇಜಿನ ತುದಿ ಹಿಡಿದುಕೊಂಡು ಶುರುಮಾಡಿದರು. ಪಾಚಿ, ಗುಲಾಬಿ, ರಾಳ, ಮ್ಯಾನೇಜರ್, ಅರವತ್ತೆರಡು ಸಲ. "ನಿನ್ನ ಮೂಗಿಗೆ ಏನೂ ಆಗಿರಲಿಲ್ಲ. ನೀನು ಹೇಳಿದ್ದು ಪ್ರತಿಸಲನೂ ಸರಿ."

ಚಾಕು ನಿಂತಿತು. ಆಕೆ ತಲೆಯೆತ್ತಿದರು.

"ಬೆಣ್ಣೆ?"

"ಕೆಟ್ಟಿತ್ತು."

ಬೈಯುತ್ತಾರೆ, ಅಳುತ್ತಾರೆ, ತಟ್ಟೆ ಎಸೆಯುತ್ತಾರೆ ಎಂದು ರಾಯರು ಕಾದರು. ಆಕೆ ಕೈ ತೊಳೆದು, ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಹೆಂಡತಿ ಮುನಿದು ತನ್ನ ತಂಗಿಯ ಮನೆಗೇ ಹೋದರೆಂದು ಗಾಬರಿಯಾಗಿ ರಾಯರು ಬಾಲ್ಕನಿಗೆ ಓಡಿದರು. ಎಲ್ಲೂ ಹೋಗಿರಲಿಲ್ಲ. ಕೆಳಗೆ ಬೀದಿಯಲ್ಲಿ ಒಂದೊಂದೇ ಅಂಗಡಿಯ ಮುಂದೆ ನಿಂತು ಉಸಿರೆಳೆದುಕೊಳ್ಳುತ್ತಿದ್ದರು. ಚಮ್ಮಾರನ ಗೂಡಿನ ಮುಂದೆ, ಔಷಧಿ ಅಂಗಡಿಯ ಮುಂದೆ, ಬೇಕರಿಯ ಬಾಗಿಲಲ್ಲಂತೂ ಎಷ್ಟು ಹೊತ್ತೋ. ಹಣ್ಣಿನ ಗಾಡಿಯಲ್ಲಿ ಒಂದು ಕರಬೂಜ ಎತ್ತಿ ತೊಟ್ಟಿನ ಹತ್ತಿರ ಮೂಸಿ ಇಟ್ಟರು, ಇನ್ನೊಂದನ್ನು ಎತ್ತಿದರು. ಗಾಡಿಯವನು ಸಕ್ಕರೆಯಂತಿದೆ ಎಂದು ಏನೇನೋ ಹೇಳುತ್ತಿದ್ದ. "ಹಣ್ಣಾಗಿಲ್ಲ ಕಣಪ್ಪ ಇದು!" ಎಂದು ಆಕೆ ಜೋರಾಗಿ ಹೇಳಿದ್ದು ಮೂರನೆಯ ಮಹಡಿಗೂ ಕೇಳಿಸಿತು.

ಗಂಟೆ ಕಳೆದು ಒಂದು ಹಣ್ಣು ಹಿಡಿದು ಬಂದರು. ಮೇಜಿನ ಹತ್ತಿರ ನಿಂತೇ ಮೂರೂ ಪಟ್ಟಿಗಳನ್ನು ಮೂಸಿದರು. ಎರಡನ್ನು ದೂರ ತಳ್ಳಿದರು. ಮೂರನೆಯದನ್ನು ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದರು.

"ಇದು ಹತ್ತಿರ ಬಂದಿದೆ. ಗುಲಾಬಿ ಜಾಸ್ತಿಯಾಯ್ತು, ಮರ ಕಮ್ಮಿ. ಆ ಹುಡುಗಿಗೆ ಹೇಳಿ, ನಾಳೆ ನಾನೇ ಬಂದು ಕೂತು ಹೇಳ್ತೀನಿ."

ರಾಯರ ಮುಖ ಅರಳಿತು. "ಒಟ್ಟಿಗೇ ಹೋಗೋಣ. ಎಂಟೂವರೆ ಬಸ್ಸಿಗೆ..."

"ನೀವು ಬರೋದು ಬೇಡ."

"ಯಾಕೇ?"

ಆಕೆ ಪಟ್ಟಿಯನ್ನು ಮೇಜಿನ ಮೇಲಿಟ್ಟರು. "ನೀವು ಪಕ್ಕದಲ್ಲಿದ್ರೆ, ಅಭ್ಯಾಸಬಲ, ನಿಮ್ಮನ್ನೇ ಕೇಳ್ಬಿಡ್ತೀನಿ."