ಕೆಂಪು ದೀಪದ ವೈರು

ಗಬ್ಬೂರ ಬೈಪಾಸಿನ ಬಳಿ ನಾನು ಮಣ್ಣು ಅಗೆಯುವ ಹಳೆಯ ಎಕ್ಸ್‌ಕವೇಟರ್ ಮಾರುತ್ತಿದ್ದಾಗ, ಅವುಗಳ ವೈರಿಂಗ್ ನೋಡಲು ಬರುತ್ತಿದ್ದ ಎಲೆಕ್ಟ್ರಿಷಿಯನ್ ಕ್ಯಾಬಿನ್ ಹತ್ತುವ ಮುಂಚೆ ಗುಡಿಗೆ ಹೋಗುವವರಂತೆ ಚಪ್ಪಲಿ ಕಳಚುತ್ತಿದ್ದರು. ದೋಷದ ಕೋಡ್ ತೋರಿಸುವ ಕೆಂಪು ದೀಪ ಎಷ್ಟು ಸಲ ಮಿಣುಕಿತೆಂದು ಬೆರಳ ಗೆಣ್ಣಿನ ಮೇಲೆ ಎಣಿಸುತ್ತ, "ಅದು ಹೇಳಾಕತ್ತೇತಿ, ಸುಮ್ಮನ ಕೇಳ್ರಿ" ಎನ್ನುತ್ತಿದ್ದರು.

ಒಂದು ದಿನ ಗಿರಾಕಿ ಬರುವ ಹೊತ್ತಾದರೂ ಆಯಿಲ್ ಪ್ರೆಶರ್ ಕಡಿಮೆಯೆನ್ನುವ ಕೋಡ್ ಹೋಗಲಿಲ್ಲ. ಸೆನ್ಸರ್ ಸರಿಯಾಗಿತ್ತು, ಸೋತದ್ದು ಎಂಜಿನ್ನೇ.

"ದೀಪದ ವೈರ್ ಕಟ್ ಮಾಡ್ರಿ, ಕಾಕಾ," ಎಂದೆ.

"ಅದರ ಬಾಯಿ ಮುಚ್ಚಿಸು ಅಂತೀರೇನ್ರಿ?" ಎಂದು ಅವರು ನನ್ನನ್ನೇ ನೋಡಿದರು. ನಾನು ಮುಖ ತಿರುಗಿಸಿದೆ. ಅವರು ಕತ್ತರಿಸಿದರು.

ತಿಂಗಳೊಳಗೆ ಅದನ್ನು ಕೊಂಡ ಗಿರಾಕಿಯ ಎಂಜಿನ್ ಸೀಜ್ ಆಗಿ ನಿಂತೇಹೋಯಿತು. ಆತ ಬಂದು ನಮ್ಮಿಬ್ಬರೆದುರೇ ಕುಸಿದು ಕೂತು ಅತ್ತ.

ಆಮೇಲೂ ಕರೆದಾಗಲೆಲ್ಲ ಎಲೆಕ್ಟ್ರಿಷಿಯನ್ ಬಂದರು, ಕೆಲಸ ಮುಗಿಸಿದರು. ಚಪ್ಪಲಿ ಮಾತ್ರ ಮತ್ತೆಂದೂ ಕಳಚಲಿಲ್ಲ.