ಇಸ್ತ್ರಿ ಮೆಂಬರಮ್ಮನ ಹಗ್ಗದಲ್ಲಿ ಉಳಿದ ಒಂದೇ ಚೀಟಿ

ಬೆಳಗಿನ ಐದು ಗಂಟೆ. ಬೀದಿ ದೀಪಗಳು ಇನ್ನೂ ಆರಿಲ್ಲ. ಮೂಲೆಯ ಇಸ್ತ್ರಿ ಅಂಗಡಿಯ ಶಟರ್ ಅರ್ಧ ಎದ್ದಿದೆ. ಒಳಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಸಮವಸ್ತ್ರದ ಅಂಗಿಯೊಂದರ ಕಾಲರಿಗೆ ನೀರು ಚಿಮುಕಿಸಿ, ಇಸ್ತ್ರಿ ಪೆಟ್ಟಿಗೆಯನ್ನು ಎರಡೇ ಎರಡು ಸಲ ಆಡಿಸಿ, ಮಡಿಸಿ ಪಕ್ಕಕ್ಕಿಡುತ್ತಾರೆ. ಒಂದು ಅಂಗಿ ಮುಗಿಸಿ ಇನ್ನೊಂದನ್ನು ಎತ್ತಿಕೊಳ್ಳುವ ಮೊದಲು ಅವರ ಕಣ್ಣು ತಾನಾಗಿ ಮೇಲಕ್ಕೆ ಹೋಗುತ್ತದೆ. ತಲೆಯ ಮೇಲೆ, ಗೋಡೆಯಿಂದ ಗೋಡೆಗೆ ಒಂದು ಹಗ್ಗ. ಹಗ್ಗದಲ್ಲಿ ಬೆರಳುದ್ದದ ಒಂದು ಬಟ್ಟೆ ಚೀಟಿ ನೇತಾಡುತ್ತಿದೆ. ಬೇರೇನೂ ಇಲ್ಲ.

ಆಸ್ಪತ್ರೆಯ ಬೆಳಗಿನ ಪಾಳಿಗೆ ಹೊರಟ ನರ್ಸ್ ತನ್ನ ಬಿಳಿ ಬಟ್ಟೆಗೆ ಕೈ ಚಾಚುತ್ತಾ ಹಗ್ಗದ ಕಡೆ ನೋಡುತ್ತಾರೆ. "ಏನು ಮೆಂಬರಮ್ಮ, ಇನ್ನೂ ಬಿಚ್ಚಿಲ್ವಾ?"

"ಇಲ್ಲ ಕಣಮ್ಮ. ಇವತ್ತಿಗೆ ಮೂವತ್ತೊಂದನೇ ದಿನ."

"ನಿಮ್ಮತ್ತೆ ಗಟ್ಟಿ ಆಸಾಮಿ ಬಿಡಿ!"

"ಅದನ್ನ ನನಗೆ ಹೇಳ್ತೀರಾ? ಮೂವತ್ತು ವರ್ಷದಿಂದ ಒಂದೇ ಅಡುಗೆಮನೆ ನಮ್ದು," ಎಂದು ಅವರು ನಗುತ್ತಾರೆ. ನಕ್ಕರೂ ಕಣ್ಣು ಮತ್ತೆ ಹಗ್ಗಕ್ಕೇ ಹೋಗುತ್ತದೆ.

ಇವರು ಈ ವಾರ್ಡಿನ ನಗರಸಭಾ ಸದಸ್ಯೆ. ಐದು ವರ್ಷದ ಅವಧಿ ಮುಂದಿನ ತಿಂಗಳು ಮುಗಿಯುತ್ತದೆ. ಗೆದ್ದ ಮೇಲೂ ಪೆಟ್ಟಿಗೆ ಕೆಳಗಿಡಲಿಲ್ಲ, ಹಾಗಾಗಿ ಜನ 'ಇಸ್ತ್ರಿ ಮೆಂಬರ್' ಎಂದು ಕರೆದರು. ಮೊದಮೊದಲು ಅದು ಕುಚೋದ್ಯ. ಈಗ ಅಂಚೆಯವರು ಆ ಹೆಸರಿಗೇ ಕಾಗದ ತಂದುಕೊಡುತ್ತಾರೆ. ಬೆಳಿಗ್ಗೆ ಐದರಿಂದ ಹತ್ತು, ಸಂಜೆ ನಾಲ್ಕರಿಂದ ಎಂಟು ಅಂಗಡಿ. ನಡುವೆ ನಗರಸಭೆ ಕಚೇರಿ, ನಡೆದುಕೊಂಡೇ. ದಿನಕ್ಕೆ ನೂರ ನಲವತ್ತು ಬಟ್ಟೆ. ಬಲಗೈ ಮಣಿಕಟ್ಟಿನಲ್ಲಿ ಹಳೆಯ ಸುಟ್ಟ ಗಾಯದ ಮೂರು ಗೆರೆಗಳಿವೆ. ಸಭೆಯಲ್ಲಿ ಕೈ ಎತ್ತಿದಾಗ ಅವು ಕಾಣುತ್ತವೆ, ಮುಚ್ಚಿಕೊಳ್ಳುವ ಗೋಜಿಗೆ ಅವರು ಹೋಗುವುದಿಲ್ಲ.

ಈ ಹಗ್ಗದ ಕತೆ ಅವರ ಕಸುಬಿನಿಂದಲೇ ಬಂದದ್ದು. ಇಸ್ತ್ರಿಗೆ ಬಂದ ಪ್ರತಿ ಗಂಟಿಗೂ ಒಗೆದರೂ ಹೋಗದ ಮಸಿಯಲ್ಲಿ ಮನೆ ನಂಬರ್ ಬರೆದ ಚೀಟಿ ಕಟ್ಟುವುದು ಅಂಗಡಿಯ ಪದ್ಧತಿ. ಮೆಂಬರ್ ಆದ ಮೇಲೆ ಜನ ಬಟ್ಟೆಯ ಜೊತೆಗೇ ದೂರುಗಳನ್ನೂ ತಂದರು. ಎಲ್ಲವೂ ತಲೆಯಲ್ಲಿ ಉಳಿಯುವ ಮಾತೇ? ಅದಕ್ಕೂ ಚೀಟಿ ಹೊಲಿದರು. ಒಂದು ಬದಿಗೆ ಮನೆ ನಂಬರ್, ಇನ್ನೊಂದು ಬದಿಗೆ ಕೆಲಸ. ಕೆಲಸವಾದರೆ ಚೀಟಿ ಕೆಳಗೆ.

ಶುರುವಿನಲ್ಲೇ ಎಡವಟ್ಟಾಯಿತು. ಎದುರಿನ ಟೈಲರ್ ಮನೆ ಮುಂದೆ ದೀಪ ಹಾಕಿಸಿದ್ದೇವೆಂದು ಕಚೇರಿಯಿಂದ ಫೋನ್ ಬಂತು. ಇವರು ಸಂಭ್ರಮದಿಂದ ಚೀಟಿ ಬಿಚ್ಚಿ ಒಲೆಗೆ ಹಾಕಿದರು. ಮರುದಿನ ಟೈಲರ್ ಬಂದು ಹಗ್ಗವನ್ನೆಲ್ಲ ಹುಡುಕಿ, "ಅಕ್ಕಾ, ನನ್ನ ಚೀಟಿ ಎಲ್ಲಿ? ದೀಪ ಇನ್ನೂ ಬಂದೇ ಇಲ್ವಲ್ಲಾ!" ಎಂದರು. ದೀಪ ಬಂದಿತ್ತು, ನಿಜ. ಎರಡು ಓಣಿ ಆಚೆ, ಯಾರೂ ಕೇಳದ ಕಂಬಕ್ಕೆ.

"ಅವತ್ತು ನನ್ನ ಮುಖ ಎಲ್ಲಿಡಬೇಕೋ ಗೊತ್ತಾಗ್ಲಿಲ್ಲ," ಎನ್ನುತ್ತಾರೆ ಅವರು. "ಮೂವತ್ತು ವರ್ಷ ಇಸ್ತ್ರಿ ಮಾಡಿದವಳು ನಾನು. ಬಟ್ಟೆಯವರು ಬಂದು, ಎಣಿಸಿ, ಎಲ್ಲಾ ಸರಿ ಇದೆ ಅನ್ನೋ ತನಕ ಗಂಟಿನ ಚೀಟಿ ಮುಟ್ಟೋ ಹಾಗಿಲ್ಲ. ಚೀಟಿ ಹೋದ್ರೆ ಬಟ್ಟೆ ಯಾರದು ಅನ್ನೋದೇ ಹೋಯ್ತು. ಅಂಗಿಗೆ ಇಷ್ಟು ಮರ್ಯಾದೆ ಕೊಡೋಳು ಮನುಷ್ಯರ ದೂರಿಗೆ ಕೊಡಲಿಲ್ವಲ್ಲ!"

ಅಂದೇ ಕತ್ತರಿಗೆ ದಾರ ಕಟ್ಟಿ ಗಿರಾಕಿಗಳು ನಿಲ್ಲುವ ಬದಿಗೆ ನೇತುಹಾಕಿದರು. ಚೀಟಿ ಕತ್ತರಿಸುವ ಹಕ್ಕು ದೂರು ಕೊಟ್ಟವರದ್ದೇ. ಮೆಂಬರ್ ಮುಟ್ಟುವಂತಿಲ್ಲ, ನಗರಸಭೆಯ ಎಂಜಿನಿಯರ್ ಮುಟ್ಟುವಂತಿಲ್ಲ. ಐದು ವರ್ಷದಲ್ಲಿ ಹಗ್ಗಕ್ಕೆ ಏರಿದ್ದು ಇನ್ನೂರ ಹದಿನಾಲ್ಕು ಚೀಟಿ. ಅರವತ್ತಕ್ಕೂ ಮೇಲೆ ಬರೀ ಬೀದಿ ದೀಪ. ಚರಂಡಿಯ ಕಲ್ಲು, ನಲ್ಲಿಯ ಸೋರಿಕೆ, ಶಾಲೆಯ ಮುಂದೆ ರಸ್ತೆಯುಬ್ಬು, ಕಿಟಕಿಗೆ ತಾಗುವ ಕೊಂಬೆ. ಒಬ್ಬ ಮುದುಕರು ಬಸ್ ನಿಲ್ದಾಣದ ಬೆಂಚಿಗೆ ಒರಗಲು ಹಲಗೆ ಬೇಕೆಂದು ಬರೆಸಿ, ಹಲಗೆ ಬಂದ ಮೇಲೂ ನಾಲ್ಕು ದಿನ ಕೂತು ನೋಡಿ ಆಮೇಲೆ ಕತ್ತರಿ ಎತ್ತಿಕೊಂಡರು. ಇನ್ನೂರ ಹದಿಮೂರು ಹೀಗೇ ಇಳಿದವು.

ಇಳಿಯದೆ ಉಳಿದದ್ದು ಹಗ್ಗಕ್ಕೆ ಮೊಟ್ಟಮೊದಲು ಏರಿದ ಚೀಟಿ. ಅದರ ಮೇಲಿರುವುದು ಮೆಂಬರ್ ಮನೆಯದೇ ನಂಬರ್.

ಅವರ ಅತ್ತೆ ಮಾರುಕಟ್ಟೆಯಲ್ಲಿ ತರಕಾರಿ ಮಾರುತ್ತಾರೆ. ಎಪ್ಪತ್ತು ದಾಟಿದೆ, ತಕ್ಕಡಿ ಹಿಡಿದ ಕೈ ಇನ್ನೂ ನಡುಗಿಲ್ಲ. ಬೆಳಗಿನ ನಾಲ್ಕೂವರೆಗೆ ಹೋಗಿ ಕೂತರೆ ಏಳುವುದು ಮಧ್ಯಾಹ್ನ ಒಂದಕ್ಕೆ. ಮಾರುಕಟ್ಟೆಯಲ್ಲಿ ಎಂಬತ್ತು ಮಂದಿ ಹೆಂಗಸರು ಕೂರುತ್ತಾರೆ, ಅವರಿಗೆ ಒಂದೂ ಶೌಚಾಲಯ ಇರಲಿಲ್ಲ. ಗಂಡಸರಿಗೆ ಗೋಡೆಗಳಿದ್ದವು. ಹೆಂಗಸರು ಕಂಡುಕೊಂಡ ಉಪಾಯ ಒಂದೇ, ನೀರು ಕುಡಿಯದಿರುವುದು. ಅತ್ತೆ ಮೂವತ್ತಮೂರು ವರ್ಷ ಎದ್ದಾಗಿನಿಂದ ಮಧ್ಯಾಹ್ನದವರೆಗೆ ಒಂದು ಗುಟುಕು ಬಾಯಿಗೆ ಹಾಕಿದವರಲ್ಲ.

ಏಳು ವರ್ಷದ ಹಿಂದೆ ಜ್ವರ, ಸೊಂಟನೋವು ಅಂತ ಮಲಗಿದವರು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಮೂತ್ರಪಿಂಡಕ್ಕೆ ಸೋಂಕು. ಡಾಕ್ಟರ್ ಗದರಿದರು, "ನೀರು ಕುಡಿಯಲ್ವೇನಮ್ಮಾ ನೀವು?" ಅತ್ತೆ ಮಲಗಿದಲ್ಲಿಂದಲೇ ಕೇಳಿದರು, "ಕುಡಿದ್ರೆ ಹೋಗೋದೆಲ್ಲಿಗೆ ಸ್ವಾಮೀ?" ಡಾಕ್ಟರ್ ಇನ್ನೊಂದು ಸಲ ಹೀಗಾದರೆ ಮೂತ್ರಪಿಂಡ ಉಳಿಯುವ ಭರವಸೆ ಇಲ್ಲವೆಂದು ಸೊಸೆಯನ್ನು ಹೊರಗೆ ಕರೆದು ಹೇಳಿದರು.

"ಆ ಮಾತು ಕಿವಿಯಲ್ಲೇ ಕೂತುಬಿಡ್ತು. ಇಸ್ತ್ರಿ ಮಾಡುವಾಗಲೂ ಅದೇ, ಉಣ್ಣುವಾಗಲೂ ಅದೇ. ಚುನಾವಣೆಗೆ ನಿಲ್ಲು ಅಂತ ಬೀದಿಯವರು ಅಂದಾಗ ನಮ್ಮ ಯಜಮಾನರು ನಕ್ಕರು. ನಾನು ಹೂಂ ಅಂದೆ." ನಲವತ್ತೊಂದು ಮತಗಳಿಂದ ಗೆದ್ದರು. ಬಸ್ ಚಾಲಕರಾದ ಯಜಮಾನರು ಇಂದಿಗೂ ಅದನ್ನೇ ಹೇಳಿ ಕೆಣಕುತ್ತಾರೆ, "ಬಟ್ಟೆ ಸುಟ್ಟುಹಾಕಿದ ಮನೆ ನಲವತ್ತೆರಡಾಗಿದ್ರೆ ಕತೆ ಮುಗೀತಿತ್ತು."

ಗೆದ್ದ ದಿನ ಅಂಗಡಿಯ ಮುಂದೆ ನೂಕುನುಗ್ಗಲು. ಎಲ್ಲರೂ ಹೋದ ಮೇಲೆ ಅತ್ತೆ ಬಂದು ಕೌಂಟರಿನ ಆಚೆ ಬದಿ, ಗಿರಾಕಿಗಳು ನಿಲ್ಲುವಲ್ಲಿ ನಿಂತರು. "ಬಟ್ಟೆ ಗಂಟಿಗೆ ಕಟ್ಟೋ ಹಾಗೆ ನನಗೂ ಒಂದು ಚೀಟಿ ಕಟ್ಟೇ. ಮನೆಯವಳು ಅಂತ ಮರೆತುಬಿಟ್ಟೀಯ." ಸೊಸೆ 'ಮಾರುಕಟ್ಟೆಗೆ ಶೌಚಾಲಯ' ಎಂದು ಬರೆದು ಕಟ್ಟಿದರು.

ಮೊದಲ ವರ್ಷ ಜಾಗಕ್ಕೇ ಹೋಯಿತು. ಶೌಚಾಲಯ ಬೇಕು ಎನ್ನುವವರೇ ಎಲ್ಲರೂ, ನಮ್ಮ ಅಂಗಡಿ ಪಕ್ಕ ಬೇಡ ಎನ್ನುವವರೂ ಅವರೇ. ಎರಡನೇ ವರ್ಷ ಮಂಜೂರಾತಿ. ಮೂರನೇ ವರ್ಷ ಕಟ್ಟಡ ಎದ್ದಿತು. ನಾಲ್ಕು ಕೋಣೆ, ಹಳದಿ ಬಣ್ಣ, ರಿಬ್ಬನ್, ಫೋಟೋ. ಸೊಸೆ ಅತ್ತೆಯ ಕೈಗೆ ಕತ್ತರಿ ಕೊಟ್ಟರು. ಅತ್ತೆ ಹೋಗಿ ನೋಡಿ ಬಂದು ಕತ್ತರಿಯನ್ನು ವಾಪಸ್ ನೇತುಹಾಕಿದರು. "ಚಿಲಕ ಹೊರಗಡೆ ಇದೆ, ಒಳಗಡೆ ಇಲ್ಲ. ಯಾರನ್ನ ಕೂಡಿಹಾಕೋಕೆ ಕಟ್ಟಿಸಿದ್ದೀಯೇ?"

ಚಿಲಕ ಬಂತು. ಆಗ ನಲ್ಲಿಯಲ್ಲಿ ನೀರಿರಲಿಲ್ಲ. ನೀರು ಬಂತು. ಆಗ ಬೀಗ! ಶೌಚಾಲಯ ತೆರೆಯುವ ಸಮಯ ಬೆಳಿಗ್ಗೆ ಹತ್ತರಿಂದ ಸಂಜೆ ಐದು ಎಂದು ಗೋಡೆಯ ಮೇಲೆ ಚೆಂದದ ಅಕ್ಷರದಲ್ಲಿ ಬರೆದಿತ್ತು. ಕಚೇರಿಗೆ ಯಾವ ಸಮಯವೋ ಇದಕ್ಕೂ ಅದೇ. ಮಾರುಕಟ್ಟೆಯ ಹೆಂಗಸರು ನಾಲ್ಕೂವರೆಗೆ ಬಂದು ಒಂದಕ್ಕೆ ಮನೆಗೆ ಹೋಗುವವರು. ಆಮೇಲೆ ಸಂಜೆ ಐದರವರೆಗೆ ಅಲ್ಲಿ ಬೀದಿಯ ನಾಯಿಗಳು ಬಿಟ್ಟರೆ ಯಾರೂ ಇರುವುದಿಲ್ಲ. ಆ ಫಲಕ ಬರೆಸಿದವರ ತಲೆಗೆ ಇದು ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ಮೆಂಬರಿಗೂ ಹೊಳೆದಿರಲಿಲ್ಲ, ಕಾಗದಕ್ಕೆ ಅವರೂ ಸಹಿ ಹಾಕಿದ್ದರು.

ಮನೆಯಲ್ಲಿ ದೊಡ್ಡ ಜಗಳವಾಯಿತು. "ಊರಿಗೆಲ್ಲ ಒಳ್ಳೆಯವಳಾದೆ, ನಿಮಗೊಬ್ಬರಿಗೆ ಆಗಲಿಲ್ಲ" ಎಂದು ಸೊಸೆ ಕೂಗಾಡಿದರು. "ಊರಿಗೆ ದೀಪ ಹಾಕಿಸ್ದೆ, ನನಗೆ ಬೀಗ ಹಾಕಿಸ್ದೆ" ಎಂದು ಅತ್ತೆ. ಹನ್ನೊಂದು ದಿನ ಮಾತಿಲ್ಲ. ಒಬ್ಬರು ಬಡಿಸುವುದು, ಇನ್ನೊಬ್ಬರು ಗೋಡೆ ನೋಡಿಕೊಂಡು ಉಣ್ಣುವುದು. ಹನ್ನೆರಡನೇ ದಿನ ಅತ್ತೆಗೆ ಮತ್ತೆ ಜ್ವರ ಬಂತು. ಸೊಸೆ ಅಂಗಡಿ ಮುಚ್ಚಿ ಆಸ್ಪತ್ರೆಗೆ ಕರೆದುಕೊಂಡು ಓಡಿದರು. ಪುಣ್ಯಕ್ಕೆ ನಾಲ್ಕು ದಿನದ ಮಾತ್ರೆಗೆ ಇಳಿಯಿತು.

ಅಲ್ಲಿಂದ ಅವರ ವಾರ್ಡಿನ ಮೊದಲ ಆದ್ಯತೆ ರಸ್ತೆಯೂ ಅಲ್ಲ, ಉದ್ಯಾನವೂ ಅಲ್ಲ; ಬೆಳಗಿನ ನಾಲ್ಕೂವರೆಗೆ ಒಂದು ಬೀಗ ತೆಗೆಸುವುದು. ಶೌಚಾಲಯ ನೋಡಿಕೊಳ್ಳಲು ಹತ್ತಕ್ಕೆ ಮೊದಲು ಬರುವ ಹುದ್ದೆಯೇ ನಗರಸಭೆಯಲ್ಲಿ ಇಲ್ಲವೆಂದು ಕಚೇರಿಯವರು ಅಂದರು. ಎಂಟು ತಿಂಗಳು, ಹನ್ನೆರಡು ಸಭೆ. ಪ್ರತಿ ಸಭೆಯಲ್ಲೂ ಸುಟ್ಟ ಗೆರೆಯ ಆ ಕೈ ಮೇಲೇಳುತ್ತಿತ್ತು, ಉಳಿದ ಸದಸ್ಯರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಎಂಜಿನಿಯರ್ ಸಮಾಧಾನ ಹೇಳಿದರು, "ಮೇಡಂ, ಕಡತದಲ್ಲಿ ಈ ಕೆಲಸ ಯಾವತ್ತೋ ಮುಗಿದಿದೆ."

"ಕಡತ ಹೋಗುತ್ತಾ ಸಾರ್ ಅಲ್ಲಿಗೆ? ಹೋಗ್ಬೇಕಾದವರು ನಮ್ಮತ್ತೆ."

ಕೊನೆಗೂ ಹುದ್ದೆ ಬಂತು. ಕಳೆದ ತಿಂಗಳ ಮೊದಲ ದಿನದಿಂದ ಒಬ್ಬ ಸ್ವಚ್ಛತಾ ಕೆಲಸದಾಕೆ ನಾಲ್ಕು ಗಂಟೆಗೆ ಬಂದು, ತೊಳೆದು, ನಾಲ್ಕೂವರೆಗೆ ಬೀಗ ತೆಗೆಯುತ್ತಿದ್ದಾಳೆ. ಮಾರುಕಟ್ಟೆಯ ಹೆಂಗಸರು ಮೊದಲ ದಿನ ನಂಬದೆ ಬಾಗಿಲು ತಳ್ಳಿ ನೋಡಿದರು. ಎರಡನೇ ವಾರಕ್ಕೆ ಬೆಳಗಿನ ಟೀ ಕುಡಿಯಲು ಶುರುಮಾಡಿದರು. ಅಷ್ಟು ದಿನ ಆ ಹೊತ್ತಿಗೆ ಹೆಂಗಸರ ಸಾಲಿನತ್ತ ಸುಳಿಯದ ಟೀ ಅಂಗಡಿಯವರು ಈಗ ಐದೂವರೆಗೇ ಲೋಟ ಹಿಡಿದು ಓಡಾಡುತ್ತಾರೆ.

ಅತ್ತೆ ಮಾತ್ರ ಜಪ್ಪಯ್ಯ ಅಂದರೂ ಕುಡಿಯಲಿಲ್ಲ. "ಕುಡಿದ ಮೇಲೆ ಒಂದಿನ ಬೀಗ ಹಾಕಿದ್ರೆ? ನನ್ನ ವಯಸ್ಸಿಗೆ ಓಡೋಕಾಗುತ್ತಾ? ಒಂದು ತಿಂಗಳು ನೋಡ್ತೀನಿ. ಒಂದು ದಿನವೂ ತಪ್ಪಬಾರದು."

ಈ ನಡುವೆ ನಗರಸಭೆ ತನ್ನ ಸದಸ್ಯರ ಸಾಧನೆಯ ಪುಸ್ತಕ ಅಚ್ಚು ಹಾಕಿಸುತ್ತಿದೆ. ಒಬ್ಬೊಬ್ಬರಿಗೆ ಎರಡು ಪುಟ. ಇವರ ಪುಟದ ಕೊನೆಯಲ್ಲಿ ಇವರೇ ಬರೆದುಕೊಟ್ಟ ಸಾಲಿದೆ: 'ಬಂದ ದೂರು ಇನ್ನೂರ ಹದಿನಾಲ್ಕು. ಆದದ್ದು ಇನ್ನೂರ ಹದಿಮೂರು. ಬಾಕಿ ಒಂದು.' ಬಾಕಿ ಅಂತ ಬರೆದುಕೊಟ್ಟ ಮೆಂಬರನ್ನು ಇಲ್ಲಿಯವರೆಗೆ ಕಂಡಿಲ್ಲವೆಂದು ಕಚೇರಿಯ ಗುಮಾಸ್ತರು ತಲೆ ಕೆರೆದುಕೊಂಡರಂತೆ.

ಏಳೂವರೆಯ ಹೊತ್ತಿಗೆ ಬಿಸಿಲು ಅಂಗಡಿಯ ಹೊಸ್ತಿಲಿಗೆ ಬರುತ್ತದೆ. ಟೈಲರ್ ಒಂದು ಕಟ್ಟು ಹೊಸ ಅಂಗಿಗಳನ್ನು ಇಸ್ತ್ರಿಗೆ ತಂದಿದ್ದಾರೆ. ಮುಂದಿನ ಸಲ ನಿಲ್ಲುತ್ತೀರಾ ಎಂಬ ಅವರ ಪ್ರಶ್ನೆಗೆ ಉತ್ತರ ಹೇಳಲು ಹೊರಟ ಮೆಂಬರ್ ಅರ್ಧಕ್ಕೇ ನಿಲ್ಲಿಸುತ್ತಾರೆ. ರಸ್ತೆಯ ಆಚೆಯಿಂದ ಅತ್ತೆ ಬರುತ್ತಿದ್ದಾರೆ. ವ್ಯಾಪಾರದ ಹೊತ್ತಿನಲ್ಲಿ ಅವರು ಜಾಗ ಬಿಟ್ಟು ಎದ್ದದ್ದೇ ಇಲ್ಲ.

ಮೆಂಬರ್ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸುತ್ತಾರೆ. "ಏನಾಯ್ತು ಅತ್ತೆ? ಬೀಗ ತೆಗೀಲಿಲ್ವಾ?"

ಅತ್ತೆ ಚೀಲದಿಂದ ಒಂದು ಲೀಟರ್ ಬಾಟಲಿ ತೆಗೆದು ಕೌಂಟರ್ ಮೇಲೆ ಇಡುತ್ತಾರೆ. ಖಾಲಿ.

"ಇದರಲ್ಲಿ ನೀರಿತ್ತಾ?"

"ಇಲ್ದೆ ಏನು, ಖಾಲಿ ಬಾಟ್ಲಿ ಹೊತ್ಕೊಂಡು ಹೋಗ್ತಾರಾ? ಐದಕ್ಕೆ ಅರ್ಧ ಕುಡಿದೆ, ಆರಕ್ಕೆ ಅರ್ಧ. ಎರಡು ಸಲ ಹೋಗ್ಬಂದೆ. ಚೊಕ್ಕಟವಾಗಿ ಇಟ್ಟಿದ್ದಾಳೆ ಆ ಹುಡುಗಿ."

ಕತ್ತರಿ ಕೈಗೆತ್ತಿಕೊಂಡರೆ ಹಗ್ಗ ಎಟಕುವುದಿಲ್ಲ. ಟೈಲರ್ ಮುಂದೆ ಬಂದರೆ ಅತ್ತೆ ಕಣ್ಣು ಬಿಟ್ಟು ನಿಲ್ಲಿಸುತ್ತಾರೆ. ಸೊಸೆ ಗೋಡೆಯ ಮೊಳೆಯಿಂದ ಹಗ್ಗವನ್ನೇ ಬಿಚ್ಚಿ ಕೆಳಗಿಳಿಸುತ್ತಾರೆ. ಬಿಸಿಲಿಗೆ ಬಣ್ಣ ಹೋಗಿ ಗರಿಗರಿಯಾದ ಚೀಟಿ ಒಂದೇ ಕಡಿತಕ್ಕೆ ಬರುತ್ತದೆ. ಅತ್ತೆ ಅದನ್ನು ಎರಡೂ ಬದಿ ತಿರುಗಿಸಿ ನೋಡಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಸೊಸೆ ಅಳುತ್ತಿದ್ದಾರೆ, ಅಳುತ್ತಲೇ ನಗುತ್ತಿದ್ದಾರೆ. ಏಳು ವರ್ಷದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಿದೆ, ಅದನ್ನು ಮುಚ್ಚಿಟ್ಟುಕೊಳ್ಳಲು ಅವರು ನೋಡುವುದೂ ಇಲ್ಲ.

"ಬಾಯಿ ಬಿಟ್ಕೊಂಡು ಏನೇ ನಿಂತೆ? ಬಾಟ್ಲಿ ತುಂಬಿಸಿ ಕೊಡು. ಮಧ್ಯಾಹ್ನದ ತನಕ ಬೇಕು ನನಗೆ."

ಬಾಟಲಿ ತುಂಬುತ್ತದೆ. ಅತ್ತೆ ಅಂಗಡಿಯ ಮುಂದೆಯೇ ಎರಡು ಗುಟುಕು ಕುಡಿದು, ಬಾಯಿ ಒರೆಸಿಕೊಂಡು ಮಾರುಕಟ್ಟೆಯ ಕಡೆಗೆ ನಡೆಯುತ್ತಾರೆ. ಟೈಲರಿಗೆ ಈಗ ಪುಸ್ತಕದ ಚಿಂತೆ. "ಅಕ್ಕಾ, ಓಡಿಹೋಗಿ ಕಚೇರಿಗೆ ಹೇಳಿ. ಬಾಕಿ ಇಲ್ಲ ಅಂತ ತಿದ್ದಿಸಿ!"

ಮೆಂಬರ್ ಅರ್ಧಕ್ಕೆ ಬಿಟ್ಟ ಅಂಗಿಯ ತೋಳನ್ನು ಮತ್ತೆ ಹರಡಿಕೊಳ್ಳುತ್ತಾರೆ. "ನಿನ್ನೇನೇ ಅಚ್ಚಿಗೆ ಹೋಯ್ತಪ್ಪ. ಅದರಲ್ಲಿ ಬಾಕಿ ಒಂದು ಅಂತಾನೇ ಇರುತ್ತೆ, ಇರ್ಲಿ ಬಿಡು. ಮುಂದೆ ಯಾರೇ ಮೆಂಬರ್ ಆಗ್ಲಿ, ನಾಲ್ಕೂವರೆಗೆ ಆ ಬೀಗ ತೆಗೆಸ್ಲಿ, ನನಗಷ್ಟು ಸಾಕು. ನಮ್ಮತ್ತೆ ಬೆಳಿಗ್ಗೆ ನೀರು ಕುಡಿದ್ರು. ಅದು ಪುಸ್ತಕಕ್ಕೆ ಗೊತ್ತಿಲ್ದೆ ಇದ್ರೂ ನನಗೆ ಗೊತ್ತು."